ಹಬ್ ತೆಗೆದು ಸ್ವಿಚ್ ಹಾಕಿದ ಮೇಲೆ ಆಫೀಸಿನ ನೆಟ್‌ವರ್ಕ್ ಕೆಟ್ಟಿತೇ?

ಪ್ರಶ್ನೆ: ನಮ್ಮದು ಸಾಗರದ ಕಡೆ ಒಂದು ಅಡಿಕೆ ಮಂಡಿ. ಆಫೀಸಿನಲ್ಲಿ ಎಂಟು ಕಂಪ್ಯೂಟರ್, ಒಂದು ನೆಟ್‌ವರ್ಕ್ ಪ್ರಿಂಟರ್ ಇವೆ. ಇವನ್ನೆಲ್ಲ ಕೇಬಲ್ ಮೂಲಕ ಒಂದಕ್ಕೊಂದು ಜೋಡಿಸಲು ಇಪ್ಪತ್ತು ವರ್ಷಕ್ಕೂ ಹಳೆಯ ಹಬ್ ಇತ್ತು. ಫೈಬರ್ ಇಂಟರ್ನೆಟ್ ಹಾಕಿಸಿದರೂ ಸ್ಪೀಡ್ ಬರಲಿಲ್ಲ ಅಂತ ಹಬ್ ತೆಗೆದು ಹದಿನಾರು ಪೋರ್ಟಿನ ಗಿಗಾಬಿಟ್ ಸ್ವಿಚ್ ಹಾಕಿಸಿದೆವು. ಆಮೇಲೆ ಹೊಸ ತೊಂದರೆಗಳು ಶುರುವಾಗಿವೆ. ಟ್ಯಾಲಿ ಡೇಟಾ ಇರುವ ಕಂಪ್ಯೂಟರ್‌ನಿಂದ ಯಾರು ಏನು ತೆರೆದರೂ ವಿಪರೀತ ನಿಧಾನ, ಆದರೆ ಪಿಂಗ್ (ಆ ಕಂಪ್ಯೂಟರ್ ಉತ್ತರ ಕೊಡುತ್ತದೆಯಾ ಎಂದು ನೋಡುವ ಆದೇಶ) ಸರಿಯಾಗಿಯೇ ಬರುತ್ತದೆ. ಸ್ವಿಚ್ ಕೂರಿಸಿದ ಹುಡುಗ ಸ್ಪೀಡ್ ಜಾಸ್ತಿ ಆಗಲಿ ಅಂತ ಆ ಕಂಪ್ಯೂಟರ್‌ನಲ್ಲಿ ‘100 ಎಂಬಿಪಿಎಸ್ ಫುಲ್ ಡ್ಯೂಪ್ಲೆಕ್ಸ್’ ಎಂದು ಸೆಟ್ ಮಾಡಿ ಹೋಗಿದ್ದಾನೆ. ಮುಂದಿನ ಕೌಂಟರ್‌ನ ಕಂಪ್ಯೂಟರ್‌ನಲ್ಲಿ ‘ನೆಟ್‌ವರ್ಕ್ ಕೇಬಲ್ ಅನ್‌ಪ್ಲಗ್ಡ್’ ಅಂತ ಬರುತ್ತದೆ, ಹೋಗುತ್ತದೆ. ಅದೇ ಕೇಬಲ್‌ನಲ್ಲಿ ಇಂಟರ್‌ಕಾಮ್ ಲೈನೂ ಇದೆ. ಹಿಂದಿನ ಗೋದಾಮಿನ ಕಂಪ್ಯೂಟರ್‌ನಿಂದ ಬಿಲ್ ಪ್ರಿಂಟ್ ಕೊಟ್ಟರೆ ಅರ್ಧಕ್ಕೆ ನಿಲ್ಲುತ್ತದೆ. ಆ ಕೇಬಲ್‌ಗೆ ಪ್ಲಗ್ ಒತ್ತಿ ಕೂರಿಸಿ ನಾವೇ ಕ್ರಿಂಪ್ ಮಾಡಿದ್ದು, ಟೆಸ್ಟರ್‌ನಲ್ಲಿ ಎಂಟೂ ದೀಪ ಸರಿಯಾಗಿ ಉರಿಯುತ್ತವೆ. ಯಾರು ಎಷ್ಟು ಇಂಟರ್ನೆಟ್ ಬಳಸುತ್ತಾರೆ ಎಂದು ತೋರಿಸುತ್ತಿದ್ದ ಸಾಫ್ಟ್‌ವೇರ್ ಈಗ ನನ್ನ ಕಂಪ್ಯೂಟರ್‌ನದ್ದು ಮಾತ್ರ ತೋರಿಸುತ್ತದೆ. ಅಂಗಡಿಯವರು ಸ್ವಿಚ್ ಬದಲಿಸಿ ಕೊಡುತ್ತೇವೆ ಅನ್ನುತ್ತಾರೆ. ಇನ್ನೊಬ್ಬರು ಇಡೀ ವೈರಿಂಗ್ ಹೊಸದು ಮಾಡಿಸಿ ಅನ್ನುತ್ತಾರೆ. ಯಾರ ಮಾತು ಕೇಳಬೇಕು?

ಉತ್ತರ: ಇಬ್ಬರ ಮಾತೂ ಬೇಡ. ಸ್ವಿಚ್ ವಾಪಸ್ ಕೊಡಬೇಡಿ, ವೈರಿಂಗ್ ಪೂರ್ತಿ ಕೀಳಿಸಲೂ ಬೇಡಿ. ಎಲ್ಲಾ ತೊಂದರೆ ಒಂದೇ ದಿನ ಕಾಣಿಸಿಕೊಂಡವು, ಹಾಗಾಗಿ ಎಲ್ಲದಕ್ಕೂ ಸ್ವಿಚ್ಚೇ ಕಾರಣ ಅನ್ನಿಸುವುದು ಸಹಜ. ಆದರೆ ನೀವು ಬರೆದ ನಾಲ್ಕು ತೊಂದರೆಗೆ ನಾಲ್ಕು ಬೇರೆ ಬೇರೆ ಕಾರಣ ಇವೆ. ಎರಡು ತಪ್ಪು ನಿಮ್ಮ ಕೇಬಲ್‌ಗಳಲ್ಲಿ ಮೊದಲಿಂದಲೂ ಇದ್ದವು, ಹಬ್ ಇದ್ದಷ್ಟು ದಿನ ಗೊತ್ತಾಗಲಿಲ್ಲ. ಒಂದು ತಪ್ಪು ಸ್ವಿಚ್ ಕೂರಿಸಿದ ದಿನ ಹೊಸದಾಗಿ ಆದದ್ದು. ಇನ್ನೊಂದು ತಪ್ಪೇ ಅಲ್ಲ.

ಅಷ್ಟು ಹಳೆಯ ಹಬ್ ಅಂದರೆ 10 ಎಂಬಿಪಿಎಸ್‌ನದ್ದೇ (ಸೆಕೆಂಡಿಗೆ 10 ಮೆಗಾಬಿಟ್) ಇರಬೇಕು. ಅದರ ಮೈಮೇಲೆ ‘10ಬೇಸ್-ಟಿ’ ಎಂದು ಬರೆದಿದೆಯಾ ನೋಡಿ. ಹಬ್‌ಗೆ ಯಾರು ಎಲ್ಲಿದ್ದಾರೆ ಅಂತ ಗೊತ್ತಿರುವುದಿಲ್ಲ. ಒಂದು ಪೋರ್ಟ್‌ನಿಂದ ಬಂದ ಸಿಗ್ನಲ್ಲನ್ನು ಉಳಿದ ಎಲ್ಲ ಪೋರ್ಟ್‌ಗೂ ಹಾಗೇ ದಾಟಿಸುತ್ತದೆ. ಒಮ್ಮೆಗೆ ಒಬ್ಬರೇ ಕಳಿಸಬೇಕು. ಇಬ್ಬರು ಒಟ್ಟಿಗೆ ಕಳಿಸಿದರೆ ಡಿಕ್ಕಿ ಆಗುತ್ತದೆ, ಇಬ್ಬರೂ ನಿಲ್ಲಿಸಿ, ಸ್ವಲ್ಪ ಕಾದು, ಮತ್ತೆ ಕಳಿಸಬೇಕು. ಹೀಗೆ ಸರದಿಯಲ್ಲಿ ಕಳಿಸುವುದಕ್ಕೆ ಹಾಫ್ ಡ್ಯೂಪ್ಲೆಕ್ಸ್ ಅನ್ನುತ್ತಾರೆ. ಇರುವ 10 ಎಂಬಿಪಿಎಸ್ಸನ್ನು ಎಂಟು ಕಂಪ್ಯೂಟರ್ ಹಂಚಿಕೊಳ್ಳಬೇಕು. ಫೈಬರ್ ಹಾಕಿಸಿದರೂ ಸ್ಪೀಡ್ ಬರಲಿಲ್ಲ ಅಂದಿರಲ್ಲ, ಅದು ಇದಕ್ಕೇ. ಹಬ್ ತೆಗೆಸಿದ್ದು ಸರಿಯಾದ ಕೆಲಸ.

ಸ್ವಿಚ್ ಹಾಗಲ್ಲ. ಯಾವ ಪೋರ್ಟ್‌ನಲ್ಲಿ ಯಾವ ಮ್ಯಾಕ್ ವಿಳಾಸದ (ನೆಟ್‌ವರ್ಕ್ ಕಾರ್ಡ್‌ನ ಗುರುತಿನ ಸಂಖ್ಯೆ) ಕಂಪ್ಯೂಟರ್ ಇದೆ ಎಂದು ತಾನೇ ಕಲಿತುಕೊಂಡು, ಯಾರಿಗೆ ಬಂದದ್ದೋ ಅವರಿಗೆ ಮಾತ್ರ ತಲುಪಿಸುತ್ತದೆ. ಪ್ರತಿ ಪೋರ್ಟ್‌ಗೂ ಅದರದೇ ಪೂರ್ತಿ ಸ್ಪೀಡ್ ಸಿಗುತ್ತದೆ. ಕಳಿಸುವುದು, ಪಡೆಯುವುದು ಎರಡೂ ಒಟ್ಟಿಗೆ ನಡೆಯುತ್ತವೆ. ಇದು ಫುಲ್ ಡ್ಯೂಪ್ಲೆಕ್ಸ್. (ಮೊದಲ ಈಥರ್‌ನೆಟ್ ಸ್ವಿಚ್ 1990ರಲ್ಲಿ ಮಾರುಕಟ್ಟೆಗೆ ತಂದ ಅಮೆರಿಕದ ಕಂಪನಿಯ ಹೆಸರು ‘ಕಲ್ಪನಾ’. ಅದನ್ನು ಕಟ್ಟಿದವರಲ್ಲಿ ಒಬ್ಬರು ಭಾರತ ಮೂಲದ ವಿನೋದ್ ಭಾರದ್ವಾಜ್. 1994ರಲ್ಲಿ ಸಿಸ್ಕೊ ಅದನ್ನು ಕೊಂಡುಕೊಂಡಿತು.) ನಿಮ್ಮ ಲೆಕ್ಕಕ್ಕೆ ಮುಖ್ಯವಾದದ್ದು ಬೇರೆ. ಸ್ವಿಚ್ ಪ್ರತಿ ಕಂಪ್ಯೂಟರ್ ಜೊತೆ ಮೊದಲು ಸ್ಪೀಡ್ ಎಷ್ಟಿರಲಿ ಎಂದು ಮಾತಾಡಿಕೊಳ್ಳುತ್ತದೆ, ಇಬ್ಬರಿಗೂ ಆಗುವ ಅತಿ ಜಾಸ್ತಿ ಸ್ಪೀಡನ್ನೇ ಆರಿಸಿಕೊಳ್ಳುತ್ತದೆ. ಇದಕ್ಕೆ ಆಟೋ ನೆಗೋಷಿಯೇಷನ್ ಎಂದು ಹೆಸರು. ಅಂದರೆ 10ರಲ್ಲಿ ಓಡುತ್ತಿದ್ದ ನಿಮ್ಮ ಕೇಬಲ್ ಈಗ ಇದ್ದಕ್ಕಿದ್ದಂತೆ 1000ಕ್ಕೆ, ಅಂದರೆ ಗಿಗಾಬಿಟ್‌ಗೆ ಓಡಬೇಕು.

ಮೊದಲು ಟ್ಯಾಲಿ ಕಂಪ್ಯೂಟರ್ ನೋಡೋಣ. ಆಫೀಸಿನ ಎಲ್ಲರಿಗೂ ತಟ್ಟುತ್ತಿರುವುದು ಅದೇ.

ಆ ಹುಡುಗನ ಉದ್ದೇಶ ಒಳ್ಳೆಯದೇ. ‘ಸ್ವಿಚ್ ಫುಲ್ ಡ್ಯೂಪ್ಲೆಕ್ಸ್ ಮಾಡುತ್ತದೆ, ಹಾಗಾದರೆ ಕಂಪ್ಯೂಟರನ್ನೂ ಫುಲ್‌ಗೆ ಇಡೋಣ’ ಎಂದುಕೊಂಡಿದ್ದಾನೆ. ಆದರೆ ಬಹಳಷ್ಟು ನೆಟ್‌ವರ್ಕ್ ಕಾರ್ಡ್‌ಗಳಲ್ಲಿ ಸ್ಪೀಡನ್ನು ಹೀಗೆ ಕೈಯಾರೆ ಫಿಕ್ಸ್ ಮಾಡಿದರೆ, ಕಾರ್ಡ್ ಸ್ವಿಚ್ ಜೊತೆ ಮಾತಾಡುವುದನ್ನೇ ನಿಲ್ಲಿಸಿಬಿಡುತ್ತದೆ. ಸ್ವಿಚ್ ಕೇಳುತ್ತದೆ, ಉತ್ತರ ಬರುವುದಿಲ್ಲ. ಸಿಗ್ನಲ್ ನೋಡಿ ಸ್ಪೀಡ್ 100 ಎಂದು ಅದು ಪತ್ತೆ ಹಚ್ಚಬಲ್ಲದು. ಡ್ಯೂಪ್ಲೆಕ್ಸ್ ಯಾವುದು ಎಂದು ಪತ್ತೆ ಹಚ್ಚಲು ದಾರಿಯಿಲ್ಲ. ಆಗ ಹಾಫ್ ಎಂದೇ ಇಟ್ಟುಕೊಳ್ಳಬೇಕು, ಸ್ಟ್ಯಾಂಡರ್ಡ್‌ನಲ್ಲಿ ಇರುವ ನಿಯಮವೇ ಅದು. ಈಗ ಕಂಪ್ಯೂಟರ್ ಫುಲ್, ಸ್ವಿಚ್ ಹಾಫ್. ಇದನ್ನು ಡ್ಯೂಪ್ಲೆಕ್ಸ್ ಮಿಸ್‌ಮ್ಯಾಚ್ ಅನ್ನುತ್ತಾರೆ.

ಫೋನಿನಲ್ಲಿ ಒಬ್ಬರು ಎದುರಿನವರ ಮಾತು ಮುಗಿಯಲಿ ಅಂತ ಕಾಯುತ್ತಾರೆ, ಇನ್ನೊಬ್ಬರು ಯಾರನ್ನೂ ಕಾಯದೆ ಮಾತಾಡುತ್ತಲೇ ಇರುತ್ತಾರೆ ಅಂದುಕೊಳ್ಳಿ. ಕಾಯುವವರು ಸ್ವಿಚ್. ಸ್ವಿಚ್ ಒಂದು ಫ್ರೇಮ್ (ಡೇಟಾದ ಒಂದು ಕಂತು) ಕಳಿಸುತ್ತಿರುವಾಗಲೇ ಕಂಪ್ಯೂಟರ್‌ನಿಂದ ಇನ್ನೊಂದು ಬಂತು ಅಂದರೆ ಸ್ವಿಚ್ ಅದನ್ನು ಡಿಕ್ಕಿ ಎಂದು ತಿಳಿದು ಅರ್ಧಕ್ಕೆ ನಿಲ್ಲಿಸುತ್ತದೆ. ಕಂಪ್ಯೂಟರ್‌ಗೆ ತುಂಡಾದ ಫ್ರೇಮ್ ಸಿಗುತ್ತದೆ, ಅದು ಕೆಟ್ಟದ್ದು ಎಂದು ಎಸೆಯುತ್ತದೆ. ಕಂಪ್ಯೂಟರ್ ಕಳಿಸಿದ್ದೂ ಸ್ವಿಚ್‌ನಲ್ಲಿ ಹಾಳಾಗುತ್ತದೆ. ಫುಲ್‌ನಲ್ಲಿ ಡಿಕ್ಕಿ ಅನ್ನುವುದೇ ಇಲ್ಲವಲ್ಲ, ಹಾಗಾಗಿ ಕಂಪ್ಯೂಟರ್‌ನ ಕಾರ್ಡ್ ಅದನ್ನು ಮತ್ತೆ ಕಳಿಸುವುದಿಲ್ಲ. ಮೇಲಿನ ಹಂತದಲ್ಲಿ, ಡೇಟಾ ತಲುಪಿತೇ ಎಂದು ನೋಡಿಕೊಳ್ಳುವ ಟಿಸಿಪಿ ಕಾದು ಕಾದು, ಉತ್ತರ ಬರಲಿಲ್ಲ ಅಂತ ಮತ್ತೆ ಕಳಿಸುತ್ತದೆ. ಟ್ಯಾಲಿ ಸ್ಕ್ರೀನ್ ಅಲ್ಲಾಡದೆ ನಿಲ್ಲುವುದು ಆ ಹೊತ್ತಿನಲ್ಲಿ.

ಪಿಂಗ್ ಯಾಕೆ ಸರಿಯಾಗಿತ್ತು ಅಂತ ಈಗ ಗೊತ್ತಾಯಿತಲ್ವಾ? ಪಿಂಗ್‌ನಲ್ಲಿ ಒಂದು ಪ್ಯಾಕೆಟ್ ಹೋಗುತ್ತದೆ, ಒಂದು ಬರುತ್ತದೆ. ಎರಡೂ ಒಂದೇ ಕ್ಷಣದಲ್ಲಿ ಓಡುವುದು ಕಮ್ಮಿ. ಡೇಟಾ ಎರಡೂ ಕಡೆಯಿಂದ ಹರಿಯಲು ಶುರುವಾದಾಗ ಮಾತ್ರ ಜಗಳ. ‘ಪಿಂಗ್ ಬರ್ತಾ ಇದೆ, ಆದರೆ ಫೈಲ್ ಕಾಪಿ ಆಗ್ತಾ ಇಲ್ಲ’ ಎಂದು ಯಾರಾದರೂ ಹೇಳಿದರೆ ನಾನು ಮೊದಲು ಕೇಳುವುದೇ ಡ್ಯೂಪ್ಲೆಕ್ಸ್ ವಿಚಾರ.

ಸರಿಮಾಡುವುದಕ್ಕೆ ಎರಡು ನಿಮಿಷ ಸಾಕು. ಟ್ಯಾಲಿ ಕಂಪ್ಯೂಟರ್‌ನ ಕಂಟ್ರೋಲ್ ಪ್ಯಾನೆಲ್‌ನಲ್ಲಿ ನೆಟ್‌ವರ್ಕ್ ಕನೆಕ್ಷನ್ಸ್‌ಗೆ ಹೋಗಿ. ಈಥರ್‌ನೆಟ್ ಮೇಲೆ ರೈಟ್ ಕ್ಲಿಕ್ ಮಾಡಿ ಪ್ರಾಪರ್ಟೀಸ್, ಅಲ್ಲಿ ಕಾನ್ಫಿಗರ್, ಆಮೇಲೆ ಅಡ್ವಾನ್ಸ್ಡ್. ‘ಸ್ಪೀಡ್ ಅಂಡ್ ಡ್ಯೂಪ್ಲೆಕ್ಸ್’ ಎಂಬ ಸಾಲನ್ನು ‘ಆಟೋ ನೆಗೋಷಿಯೇಷನ್’ಗೆ ತನ್ನಿ. ಉಳಿದ ಕಂಪ್ಯೂಟರ್‌ಗಳಲ್ಲೂ ಇದೇ ಸಾಲು ನೋಡಿ, ಪ್ರಿಂಟರ್‌ನ ಮೆನು ಕೂಡ. ಹಬ್ ಕಾಲದಲ್ಲಿ ಯಾರೋ ‘10 ಹಾಫ್’ ಎಂದು ಇಟ್ಟು ಮರೆತಿರಬಹುದು. ಅದರಿಂದ ಮಿಸ್‌ಮ್ಯಾಚ್ ಆಗುವುದಿಲ್ಲ, ಎರಡೂ ಕಡೆ ಹಾಫ್ ಇರುತ್ತದಲ್ಲ. ಆದರೆ ಆ ಕಂಪ್ಯೂಟರ್‌ಗೆ ಹೊಸ ಸ್ವಿಚ್‌ನ ಪ್ರಯೋಜನವೂ ಸಿಗುವುದಿಲ್ಲ.

ಒಂದು ಎಚ್ಚರಿಕೆ. ಮಿಸ್‌ಮ್ಯಾಚ್ ಇರುವಾಗಲೂ ವಿಂಡೋಸ್ ‘100 ಎಂಬಿಪಿಎಸ್, ಫುಲ್’ ಎಂದೇ ತೋರಿಸುತ್ತದೆ. ಅದು ತನ್ನ ಕಡೆಯದ್ದನ್ನು ಮಾತ್ರ ಹೇಳುತ್ತದೆ, ಸ್ವಿಚ್ ಕಡೆಯದ್ದು ಅದಕ್ಕೆ ಗೊತ್ತಿಲ್ಲ. ಹಾಗಾಗಿ ಸ್ಕ್ರೀನ್ ನಂಬಬೇಡಿ, ಕಾಪಿ ಮಾಡಿ ನೋಡಿ. 1 ಜಿಬಿಯ ಒಂದು ಫೈಲನ್ನು ಆ ಕಂಪ್ಯೂಟರ್‌ನಿಂದ ಬೇರೆ ಕಂಪ್ಯೂಟರ್‌ಗೆ ಎಳೆಯಿರಿ. 100ರ ಲಿಂಕ್ ಆದರೆ ಸೆಕೆಂಡಿಗೆ 11 ಎಂಬಿ (ಮೆಗಾಬೈಟ್, ಎಂಟು ಬಿಟ್ ಸೇರಿ ಒಂದು ಬೈಟ್) ಆಸುಪಾಸು ಬರಬೇಕು, ಒಂದೂವರೆ ನಿಮಿಷದ ಕೆಲಸ. ಗಿಗಾಬಿಟ್ ಆದರೆ 110 ಎಂಬಿ ತನಕ ಬರುತ್ತದೆ. ಹಳೆಯ ಹಾರ್ಡ್ ಡಿಸ್ಕ್ ಇದ್ದರೆ ಅದಕ್ಕಿಂತ ಕಮ್ಮಿ, ಯಾಕೆಂದರೆ ಡಿಸ್ಕ್‌ಗೆ ಅಷ್ಟು ವೇಗದಲ್ಲಿ ಓದಲು ಆಗುವುದಿಲ್ಲ. ಸೆಕೆಂಡಿಗೆ ಕೆಲವು ನೂರು ಕೆಬಿ ಮಾತ್ರ ಬರುತ್ತಿದ್ದರೆ, ಅಥವಾ ಓಡಿ ನಿಂತು ಓಡಿ ನಿಂತು ಹೋಗುತ್ತಿದ್ದರೆ, ಜಗಳ ಇನ್ನೂ ಇದೆ ಅಂತ ಅರ್ಥ. ಆ ಕಂಪ್ಯೂಟರ್‌ನಲ್ಲಿ 100ರ ಕಾರ್ಡ್ ಮಾತ್ರ ಇದ್ದರೆ ಒಂದು ಗಿಗಾಬಿಟ್ ಕಾರ್ಡ್ ಹಾಕಿಸಿ. ದುಬಾರಿಯಲ್ಲ. ಏಳೂ ಜನ ಹೋಗಿ ಬಡಿಯುವುದು ಆ ಒಂದೇ ಬಾಗಿಲಿಗೆ.

ಇನ್ನು ಮುಂದಿನ ಕೌಂಟರ್. ಇಲ್ಲಿ ‘ಅದೇ ಕೇಬಲ್‌ನಲ್ಲಿ ಇಂಟರ್‌ಕಾಮ್’ ಎಂದು ನೀವು ಬರೆದ ಸಾಲೇ ಉತ್ತರ. ನೆಟ್‌ವರ್ಕ್ ಕೇಬಲ್‌ನಲ್ಲಿ ನಾಲ್ಕು ಜೋಡಿ ತಂತಿ ಇರುತ್ತವೆ. 10 ಮತ್ತು 100 ಎಂಬಿಪಿಎಸ್‌ಗೆ ಎರಡೇ ಜೋಡಿ ಸಾಕು. 1, 2, 3, 6ನೇ ಪಿನ್‌ಗಳು ಮಾತ್ರ ಕೆಲಸ ಮಾಡುತ್ತವೆ. ಉಳಿದ ಎರಡು ಜೋಡಿ ಸುಮ್ನೆ ಇರುತ್ತವಲ್ಲ ಎಂದು ಆಗಿನ ವೈರಿಂಗ್‌ನವರು ನೀಲಿ ಜೋಡಿಯನ್ನು ಫೋನಿಗೆ ಕೊಡುತ್ತಿದ್ದರು. ಆಗ ಅದರಲ್ಲಿ ತಪ್ಪೇನೂ ಇರಲಿಲ್ಲ. ಆದರೆ 1999ರಲ್ಲಿ ಬಂದ ತಾಮ್ರದ ಗಿಗಾಬಿಟ್‌ಗೆ ನಾಲ್ಕೂ ಜೋಡಿ ಬೇಕು.

ತಮಾಷೆ ಅಂದರೆ, ಸ್ಪೀಡ್ ಎಷ್ಟಿರಲಿ ಎಂಬ ಮಾತುಕತೆ ನಡೆಯುವುದು ಆ ಹಳೆಯ ಎರಡು ಜೋಡಿಯ ಮೇಲೇ. ಅವು ಸರಿಯಾಗಿವೆ. ಹಾಗಾಗಿ ಸ್ವಿಚ್ಚೂ ಕಂಪ್ಯೂಟರೂ ಗಿಗಾಬಿಟ್‌ಗೆ ಒಪ್ಪಿಕೊಳ್ಳುತ್ತವೆ. ಒಪ್ಪಿದ ಮೇಲೆ ನಾಲ್ಕು ಜೋಡಿಯಲ್ಲಿ ಶುರು ಮಾಡಲು ಹೋದರೆ ಒಂದು ಜೋಡಿ ಕಾಣೆ. ಲಿಂಕ್ ಬೀಳುತ್ತದೆ. ಮತ್ತೆ ಮಾತುಕತೆ, ಮತ್ತೆ ಒಪ್ಪಿಗೆ, ಮತ್ತೆ ಬೀಳುವುದು. ನೀವು ನೋಡುತ್ತಿರುವುದು ಇದನ್ನೇ. ಕೆಲವು ಕಾರ್ಡ್‌ಗಳು ನಾಲ್ಕಾರು ಸಲ ಸೋತ ಮೇಲೆ ತಾವೇ 100ಕ್ಕೆ ಇಳಿಯುತ್ತವೆ. ನಿಮ್ಮದು ಇಳಿಯುತ್ತಿಲ್ಲ, ಅಥವಾ ಇಳಿದು ಮತ್ತೆ ಹತ್ತಲು ನೋಡುತ್ತಿದೆ.

ಇಂಟರ್‌ಕಾಮ್‌ಗೆ ಬೇರೆ ವೈರ್ ಎಳೆಸಿ, ನೀಲಿ ಜೋಡಿಯನ್ನು ಎರಡೂ ತುದಿಯಲ್ಲಿ ಪ್ಲಗ್‌ಗೆ ಸೇರಿಸುವುದು ಸರಿಯಾದ ದಾರಿ. ಕಂದು ಜೋಡಿಯೂ ಎಲ್ಲಾದರೂ ತಪ್ಪಿಸಿಕೊಂಡಿದೆಯಾ ನೋಡಿ. ಅಲ್ಲಿಯ ತನಕ ಕೌಂಟರ್ ನಿಲ್ಲಿಸಲು ಆಗುವುದಿಲ್ಲ ಅಂದರೆ ಒಂದು ಉಪಾಯವಿದೆ. 10/100ರ ಐದು ಪೋರ್ಟಿನ ಚಿಕ್ಕ ಸ್ವಿಚ್ ಎಲ್ಲಾದರೂ ಇದ್ದರೆ ಆ ಕಂಪ್ಯೂಟರ್ ಪಕ್ಕದಲ್ಲಿಟ್ಟು, ಗೋಡೆಯ ಕೇಬಲ್ ಅದಕ್ಕೆ ಕೊಡಿ, ಅಲ್ಲಿಂದ ಕಂಪ್ಯೂಟರ್‌ಗೆ. ಅದು 100ಕ್ಕಿಂತ ಮೇಲೆ ಮಾತಾಡುವುದೇ ಇಲ್ಲವಾದ್ದರಿಂದ ದೊಡ್ಡ ಸ್ವಿಚ್ಚೂ 100 ಫುಲ್‌ಗೆ ಒಪ್ಪುತ್ತದೆ. ಕಂಪ್ಯೂಟರ್‌ನಲ್ಲಿ ಮಾತ್ರ ‘100 ಫುಲ್’ ಎಂದು ಫಿಕ್ಸ್ ಮಾಡಲು ಹೋಗಬೇಡಿ. ಟ್ಯಾಲಿ ಕಂಪ್ಯೂಟರ್‌ನ ಕಾಯಿಲೆ ಇಲ್ಲಿಗೂ ಬರುತ್ತದೆ.

ಗೋದಾಮಿನ ಕೇಬಲ್ ಇವೆಲ್ಲಕ್ಕಿಂತ ಮೋಸದ್ದು. ಟೆಸ್ಟರ್ ಎಂಟೂ ದೀಪ ತೋರಿಸುತ್ತದೆ, ಆದರೂ ಕೇಬಲ್ ಸರಿಯಿಲ್ಲ. ಅದು ಹೇಗೆ?

ಆ ಚಿಕ್ಕ ಟೆಸ್ಟರ್ ನೋಡುವುದು ಒಂದೇ ವಿಚಾರ. ಈ ತುದಿಯ ಒಂದನೇ ಪಿನ್ ಆ ತುದಿಯ ಒಂದಕ್ಕೆ, ಎರಡು ಎರಡಕ್ಕೆ ಸೇರಿದೆಯಾ ಅಂತ. ಯಾವ ತಂತಿ ಯಾವುದರ ಜೊತೆ ಹೆಣೆದುಕೊಂಡಿದೆ ಎಂದು ಅದು ನೋಡುವುದಿಲ್ಲ. ಕೇಬಲ್‌ನ ಗುಟ್ಟು ಇರುವುದೇ ಆ ಹೆಣಿಗೆಯಲ್ಲಿ. ಒಂದೇ ಸಿಗ್ನಲ್‌ನ ಎರಡು ತಂತಿ ಒಂದಕ್ಕೊಂದು ಸುತ್ತಿಕೊಂಡಿದ್ದರೆ ಅಕ್ಕಪಕ್ಕದ ಗದ್ದಲ ಎರಡರ ಮೇಲೂ ಒಂದೇ ತರ ಬೀಳುತ್ತದೆ, ಕೊನೆಯಲ್ಲಿ ಕಳೆದು ಹೋಗುತ್ತದೆ. ಮನೆಯಲ್ಲೇ ಕ್ರಿಂಪ್ ಮಾಡುವವರು ಬಹಳ ಸಲ ಬಣ್ಣಗಳನ್ನು ಜೋಡಿ ಜೋಡಿಯಾಗಿ ಸಾಲಾಗಿ ಇಡುತ್ತಾರೆ. ಬಿಳಿ-ಕಿತ್ತಳೆ, ಕಿತ್ತಳೆ, ಬಿಳಿ-ಹಸಿರು, ಹಸಿರು, ಬಿಳಿ-ನೀಲಿ, ನೀಲಿ, ಬಿಳಿ-ಕಂದು, ಕಂದು. ನೋಡಲು ಚೆಂದ. ಆದರೆ 3 ಮತ್ತು 6ನೇ ಪಿನ್ ಒಂದೇ ಜೋಡಿಯಿಂದ ಬರಬೇಕು. ಈ ಸಾಲಿನಲ್ಲಿ 3ಕ್ಕೆ ಬಿಳಿ-ಹಸಿರು, 6ಕ್ಕೆ ನೀಲಿ. ಎರಡು ಬೇರೆ ಬೇರೆ ಜೋಡಿಯ ತಂತಿಗಳು! ಇದನ್ನು ಸ್ಪ್ಲಿಟ್ ಪೇರ್ ಅನ್ನುತ್ತಾರೆ. 10 ಎಂಬಿಪಿಎಸ್‌ನಲ್ಲಿ ಹೇಗೋ ನಡೆದುಹೋಗುತ್ತದೆ. 100ಕ್ಕೆ ಹೋದರೆ ಒಂದು ಜೋಡಿಯ ಸಿಗ್ನಲ್ ಇನ್ನೊಂದಕ್ಕೆ ಸೋರಿ ಫ್ರೇಮ್‌ಗಳು ಕೆಡುತ್ತವೆ. ನಿಮ್ಮ ಬಿಲ್ ಅರ್ಧಕ್ಕೆ ನಿಲ್ಲುವುದು ಇದರಿಂದಲೇ ಇರಬೇಕು.

ಎರಡೂ ತುದಿಯ ಪ್ಲಗ್ ಬೆಳಕಿಗೆ ಹಿಡಿದು, ಕೊಕ್ಕೆ ಕೆಳಗೆ, ಕೇಬಲ್ ನಿಮ್ಮ ಕಡೆಗೆ ಬರುವಂತೆ ಇಟ್ಟುಕೊಂಡು ಎಡದಿಂದ ಬಣ್ಣ ಓದಿ. ಹೀಗಿರಬೇಕು: ಬಿಳಿ-ಕಿತ್ತಳೆ, ಕಿತ್ತಳೆ, ಬಿಳಿ-ಹಸಿರು, ನೀಲಿ, ಬಿಳಿ-ನೀಲಿ, ಹಸಿರು, ಬಿಳಿ-ಕಂದು, ಕಂದು. ಹಸಿರು ಜೋಡಿ ನೀಲಿ ಜೋಡಿಯನ್ನು ನಡುವೆ ಇಟ್ಟುಕೊಂಡು ಕೂರುತ್ತದೆ. ಬೇರೆ ಇದ್ದರೆ ಎರಡೂ ತುದಿ ಕತ್ತರಿಸಿ ಹೊಸ ಪ್ಲಗ್ ಹಾಕಿ. ಹೆಣಿಗೆ ಬಿಚ್ಚುವುದು ಅರ್ಧ ಇಂಚಿಗಿಂತ ಜಾಸ್ತಿ ಆಗದಿರಲಿ. ಕೇಬಲ್ ಬದಲಿಸುವ ಅಗತ್ಯವಿಲ್ಲ.

ಬಣ್ಣ ಸರಿಯಾಗಿಯೇ ಇದ್ದರೆ? ಆಗ ಕೇಬಲ್ ಎಲ್ಲೋ ಇಲಿ ಕಡಿದಿರಬಹುದು, ನೀರು ಇಳಿದಿರಬಹುದು, ಅಥವಾ 100 ಮೀಟರ್ ದಾಟಿರಬಹುದು. ಇದು ಕೇಬಲ್ ತೊಂದರೆಯೋ ಡ್ಯೂಪ್ಲೆಕ್ಸ್ ತೊಂದರೆಯೋ ಎಂದು ತಿಳಿಯಲು ಎಲ್ಲರೂ ಮನೆಗೆ ಹೋದ ಮೇಲೆ ಗೋದಾಮಿನಿಂದ ದೊಡ್ಡ ಪ್ಯಾಕೆಟ್ ಪಿಂಗ್ ಮಾಡಿ. ಪಿಂಗ್ ಆದೇಶದಲ್ಲಿ ‘-l 1400 -n 100’ ಸೇರಿಸಿದರೆ ಸಾಕು, ಒಂದು ನೂರು ಸಲ ಹೋಗುತ್ತದೆ. ನೆಟ್‌ವರ್ಕ್ ಖಾಲಿ ಇರುವಾಗಲೂ ಪ್ಯಾಕೆಟ್ ಕಳೆದುಹೋದರೆ ಕೇಬಲ್ ಅಥವಾ ಪ್ಲಗ್. ಖಾಲಿ ಇದ್ದಾಗ ಒಂದೂ ಕಳೆಯದೆ, ಫೈಲ್ ಕಾಪಿ ನಡೆಯುವಾಗ ಮಾತ್ರ ಕಳೆದರೆ ಡ್ಯೂಪ್ಲೆಕ್ಸ್ ಕಡೆ ನೋಡಿ. ಸ್ವಿಚ್ ಮೇಲೇ ಅನುಮಾನ ಉಳಿದರೆ ಗೋದಾಮಿನ ಕೇಬಲನ್ನು ಚೆನ್ನಾಗಿ ನಡೆಯುತ್ತಿರುವ ಬೇರೆ ಪೋರ್ಟ್‌ಗೆ ಹಾಕಿ. ತೊಂದರೆ ಕೇಬಲ್ ಜೊತೆ ಹೋದರೆ ಸ್ವಿಚ್‌ದು ತಪ್ಪಿಲ್ಲ.

ಇಡೀ ವೈರಿಂಗ್ ಬದಲಿಸಿ ಎಂದವರಿಗೆ ಒಂದು ಮಾತು. ಕೇಬಲ್ ಮೇಲೆ ‘ಕ್ಯಾಟ್ 5’ ಎಂದು (ಹಳೆಯ ದರ್ಜೆಯ ಕೇಬಲ್‌ನ ಹೆಸರು) ಅಚ್ಚಾಗಿದ್ದರೂ ನಾಲ್ಕು ಜೋಡಿ ಸರಿಯಾಗಿದ್ದು 100 ಮೀಟರ್ ಒಳಗಿದ್ದರೆ ಗಿಗಾಬಿಟ್ ಓಡಬೇಕು. ತಾಮ್ರದ ಗಿಗಾಬಿಟ್ ರೂಪಿಸಿದ್ದೇ ಆಗ ಗೋಡೆಗಳಲ್ಲಿದ್ದ ಆ ಕೇಬಲ್ ಮೇಲೆ ನಡೆಯಲಿ ಎಂದು. ಕೆಟ್ಟ ಒಂದೆರಡು ಎಳೆ ಮಾತ್ರ ಬದಲಿಸಿ. ಹೊಸದು ತರುವಾಗ ಪೂರ್ತಿ ತಾಮ್ರದ್ದೇ ಕೇಳಿ. ಅಲ್ಯೂಮಿನಿಯಂ ಮೇಲೆ ತಾಮ್ರ ಹೊದಿಸಿದ ಕೇಬಲ್ ಅಗ್ಗಕ್ಕೆ ಸಿಗುತ್ತದೆ, ಬೇಗ ಮುರಿಯುತ್ತದೆ. ತಂತಿಯನ್ನು ಬ್ಲೇಡಿನಿಂದ ಕೆರೆದರೆ ಒಳಗೆ ಬೆಳ್ಳಗೆ ಕಾಣುವುದು ಅದೇ.

ಸಾಫ್ಟ್‌ವೇರ್ ವಿಚಾರ ಬೇಗ ಮುಗಿಯುತ್ತದೆ. ಹಬ್ ಎಲ್ಲರ ಡೇಟಾವನ್ನೂ ಎಲ್ಲರಿಗೂ ಕಳಿಸುತ್ತಿತ್ತು, ನಿಮ್ಮ ಸಾಫ್ಟ್‌ವೇರ್ ಕೂತಲ್ಲೇ ಕದ್ದು ನೋಡುತ್ತಿತ್ತು. ಸ್ವಿಚ್ ನಿಮ್ಮದನ್ನು ಮಾತ್ರ ನಿಮಗೆ ಕೊಡುತ್ತದೆ. ಅದು ತನ್ನ ಕೆಲಸ ಸರಿಯಾಗಿಯೇ ಮಾಡುತ್ತಿದೆ. ಹಾಗೆ ನೋಡಿದರೆ ಇಷ್ಟು ವರ್ಷ ನಿಮ್ಮ ಆಫೀಸಿನ ಯಾರು ಬೇಕಾದರೂ ಯಾರದ್ದನ್ನು ಬೇಕಾದರೂ ನೋಡಬಹುದಿತ್ತು. ಬಳಕೆಯ ಲೆಕ್ಕ ಬೇಕಿದ್ದರೆ ನಿಮ್ಮ ಫೈಬರ್ ರೂಟರ್‌ನ ಪುಟದಲ್ಲಿ ಸಿಗುತ್ತದೆಯಾ ನೋಡಿ. ಎಲ್ಲರ ಇಂಟರ್ನೆಟ್ಟೂ ಹಾದುಹೋಗುವುದು ಅದರ ಮೂಲಕವೇ. ಆ ಸಾಫ್ಟ್‌ವೇರೇ ಬೇಕು ಅಂದರೆ ಪೋರ್ಟ್ ಮಿರರಿಂಗ್ ಇರುವ ಸ್ಮಾರ್ಟ್ ಸ್ವಿಚ್ ಬೇಕು. ರೂಟರ್ ಇರುವ ಪೋರ್ಟ್‌ನ ನಕಲನ್ನು ನಿಮ್ಮ ಪೋರ್ಟ್‌ಗೆ ಕಳಿಸುವಂತೆ ಅದರಲ್ಲಿ ಹೇಳಬಹುದು. ಇದೊಂದಕ್ಕಾಗಿ ಹೊಸ ಸ್ವಿಚ್ ತರುವುದು ದಂಡ ಎಂದು ನನ್ನ ಅಭಿಪ್ರಾಯ.

ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಮೇಜಿನ ಕೆಳಗೆ ಬಿದ್ದಿರುವ ಕೇಬಲ್‌ನ ಎರಡೂ ತುದಿಯನ್ನು ಯಾರಾದರೂ ಗೊತ್ತಿಲ್ಲದೆ ಸ್ವಿಚ್‌ಗೇ ಚುಚ್ಚಿದರೆ ಇಡೀ ಆಫೀಸು ನಿಲ್ಲುತ್ತದೆ. ಎಲ್ಲರಿಗೂ ಒಟ್ಟಿಗೆ ಹೋಗುವ ಬ್ರಾಡ್‌ಕಾಸ್ಟ್ ಪ್ಯಾಕೆಟ್ ಸುತ್ತುತ್ತಲೇ ಇರುತ್ತದೆ, ಎಲ್ಲ ಪೋರ್ಟ್‌ನ ದೀಪಗಳೂ ಒಟ್ಟಿಗೆ ಹುಚ್ಚು ಹಿಡಿದಂತೆ ಮಿನುಗುತ್ತವೆ. ಹಳೆಯ ಹಬ್‌ಗಳಲ್ಲಿ ಸತತವಾಗಿ ಡಿಕ್ಕಿ ಕಂಡ ಪೋರ್ಟನ್ನು ತಾನೇ ಬೇರೆ ಮಾಡುವ ಏರ್ಪಾಟು ಇತ್ತು. ಹಾಗಾಗಿ ಅಂಥ ಒಂದು ಕೇಬಲ್ ಸದ್ದಿಲ್ಲದೆ ಸೇರಿಕೊಂಡಿದ್ದರೂ ಗೊತ್ತಾಗುತ್ತಿರಲಿಲ್ಲ. ಸಾದಾ ಸ್ವಿಚ್‌ಗಳಲ್ಲಿ ಸಾಮಾನ್ಯವಾಗಿ ಆ ರಕ್ಷಣೆ ಇರುವುದಿಲ್ಲ. ಪ್ರತಿ ಕೇಬಲ್‌ಗೂ ಎರಡೂ ತುದಿಯಲ್ಲಿ ಒಂದೇ ನಂಬರಿನ ಚೀಟಿ ಅಂಟಿಸಿ, ಯಾರದ್ದೂ ಅಲ್ಲದ ಕೇಬಲ್ ಕಿತ್ತು ಹಾಕಿ.

ಗೋದಾಮು ಬೇರೆ ಕಟ್ಟಡವಾಗಿದ್ದು, ಕೇಬಲ್ ಹೊರಗೆ ಬಯಲಲ್ಲಿ ಹಾದುಹೋಗಿದ್ದರೆ ಮಲೆನಾಡಿನ ಸಿಡಿಲಿನ ಬಗ್ಗೆ ನಿಮಗೆ ಬಿಡಿಸಿ ಹೇಳಬೇಕಿಲ್ಲ. ಎರಡು ಕಟ್ಟಡದ ನಡುವಿನ ತಾಮ್ರದ ಕೇಬಲ್ ಸಿಡಿಲಿನ ಏಟನ್ನು ನೇರ ಸ್ವಿಚ್‌ಗೆ ತರುತ್ತದೆ. ಹಬ್‌ಗೂ ಅದೇ ಅಪಾಯ ಇತ್ತು, ನಿಮ್ಮ ಅದೃಷ್ಟ ಚೆನ್ನಾಗಿತ್ತು. ಈಗ ಪ್ಲಗ್ ಸರಿಮಾಡಿ ಕೆಲಸ ನಡೆಸಿ. ಮುಂದಿನ ಬೇಸಿಗೆಯ ಗುಡುಗು ಮಳೆ ಶುರುವಾಗುವ ಮೊದಲು ಆ ಒಂದು ಎಳೆಯನ್ನು ಫೈಬರ್ ಮಾಡಿಸಿ, ಎರಡೂ ಕಡೆ ಫೈಬರನ್ನು ತಾಮ್ರದ ಕೇಬಲ್‌ಗೆ ಸೇರಿಸುವ ಒಂದೊಂದು ಮೀಡಿಯಾ ಕನ್ವರ್ಟರ್ ಇಡಿಸಿ. ಗಾಜಿನ ಎಳೆಯಲ್ಲಿ ಕರೆಂಟ್ ಹರಿಯುವುದಿಲ್ಲ. ಕೇಬಲ್ ಕೊಳ್ಳುವಾಗ ಒಳಗೆ ಲೋಹದ ತಂತಿ ಇಲ್ಲದ್ದೇ ಕೇಳಿ.

ಟ್ಯಾಲಿ ಕಂಪ್ಯೂಟರ್‌ನದ್ದು ಇವತ್ತೇ ಮಾಡಿ. ಆಟೋಗೆ ತಂದ ಮೇಲೆ ಫೈಲ್ ಕಾಪಿ ಸರಿಯಾದ ವೇಗದಲ್ಲಿ ಹೋಗುತ್ತಿದ್ದು, ಟ್ಯಾಲಿ ಮಾತ್ರ ಇನ್ನೂ ನಿಧಾನ ಅನ್ನಿಸಿದರೆ ನೆಟ್‌ವರ್ಕ್ ಬಿಟ್ಟುಬಿಡಿ. ಆ ಕಂಪ್ಯೂಟರ್‌ನ ಹಾರ್ಡ್ ಡಿಸ್ಕ್ ಹಳೆಯದಾಗಿದೆಯಾ, ಆಂಟಿವೈರಸ್ ಟ್ಯಾಲಿ ಫೋಲ್ಡರನ್ನು ಪ್ರತಿ ಸಲವೂ ಜಾಲಾಡುತ್ತಿದೆಯಾ, ಈ ಎರಡನ್ನು ನೋಡಿ.